ಐದು ಅಂಕದ ಪ್ರಶ್ನೆ

ಹೂಗಾರ ಮಾಸ್ತರ್ ಇತಿಹಾಸನೂ ಕಲಸ್ತಿದ್ರು, ಕಬಡ್ಡಿನೂ.
ಎರಡಕ್ಕೂ ಒಂದ ಚಾಕ್‌ಪೀಸು.

'ನಡುಗೆರಿ ಅಂದ್ರ ಕೃಷ್ಣಾ ಹೊಳಿ ಅಂತ ತಿಳಕೋರಿ.
ಆಚಿ ದಂಡಿಗೆ ವಿಜಯನಗರದ ದಂಡು, ಈಚಿಗೆ ಸುಲ್ತಾನರು.
ದಾಟೂದು ಹೆಂಗ?
ಹೊಳಿಗುಂಟ ಮೂರು ದಿನ ನಡದ್ರಂತ, ಬ್ಯಾರೆ ಕಡೆ ದಾಟವ್ರಂಗ.
ಆಚಿಯವ್ರೂ ಸರಿಸಮ ನಡದ್ರು, ಮೊದಲಿನ ಕಡವು ಖಾಲಿ ಬಿಟ್ಟು.
ರಾತ್ರೋರಾತ್ರಿ ತಿರುಗಿ ಬಂದು ಅಲ್ಲೇ ದಾಟಿಬಿಟ್ರು.
ಅದಕ್ಕ, ರೈಡರನ ಕಣ್ಣ ನೋಡಬ್ಯಾಡ್ರಿ,
ಹಿಮ್ಮಡ ನೋಡ್ರಿ.'

ತಾಳಿಕೋಟಿ ಹೈಸ್ಕೂಲ್ ಮೈದಾನದಾಗ ಫೈನಲ್ಲು.
ಗೆರಿ ಆಚಿ ಹುನಗುಂದದವ್ರು, ಈಚಿ ನಾವು, ತಂಗಡಗಿ ಹುಡುಗರು.
ದಂಡಿ ಲೆಕ್ಕ ಹಿಡದ್ರ ಸುಲ್ತಾನರ ಕಡೆಯವ್ರು ನಾವ ಏಳೂ ಮಂದಿ.
ಆ ಲೆಕ್ಕ ಮುಂದ ಯಾರಿಗೂ ನೆನಪಾಗಲಿಲ್ಲ.

ಒಂದ ಪಾಯಿಂಟು ಮುಂದಿದ್ವಿ. ಕಡೀ ರೈಡು.
ಈರಬಸು ಅಂತ ಅವನ ಹೆಸರು, ಉದ್ದಾನ ಕಾಲಿನ ಹುಡುಗ,
ಉಸರು ಕಟ್ಟಿ ಬಂದವನ ಬಲಕ್ಕ ಹೋದ, ಬಲಕ್ಕ, ಮತ್ತ ಬಲಕ್ಕ,
ನಮ್ಮ ಐದು ಮಂದಿ ಅವನ ಬೆನ್ನ ಹತ್ತಿ ಸರದ್ರು
ಗಕ್ಕನ ಎಡಕ್ಕ ತಿರುಗಿದ.
ಅಲ್ಲಿ ನಬಿಲಾಲ ಇದ್ದ.
ನಬಿಲಾಲ ಕಣ್ಣ ನೋಡಿರಲಿಲ್ಲ.
ಹಿಮ್ಮಡ ಹಿಡದ.
ಅವನ ಇನ್ನೊಂದ ಕೈ ನನ್ನ ಕೈಯಾಗಿತ್ತು,
ಸರಪಳಿಯ ಕೊಂಡಿ.

ಆಮ್ಯಾಲೆ ದೂಳು.
ದೂಳಿನಾಗಿಂದ ಚಾಚಿದ ಒಂದು ಬಟ್ಟು, ಸುಣ್ಣದ ಮ್ಯಾಲೆ.
ನಾವಿಬ್ಬರೂ ಔಟು. ಒಂದ ಪಾಯಿಂಟಿಲೆ ಸೋತ್ವಿ.
ಮಂದಿ ಕಂಡದ್ದು ಹಿಮ್ಮಡ ಬಿಟ್ಟ ಕೈ.

ಟೆಂಪೋದಾಗ ಯಾರೋ ಅಂದ್ರು:
'ಹಳೇ ಕತಿ ಮತ್ತ ಆತ ನೋಡ್ರಿ. ಆವಾಗೂ
ನಡು ಯುದ್ಧದಾಗ ಕೈ ಕೊಟ್ರಂತಲ್ಲ... ಯಾರವ್ರು?'
ನಕ್ಕರು. ನಗಿಯೊಳಗ ನನ್ನ ನಗೀನೂ ಇತ್ತು.
ಮುಂದಿನ ಸೀಟಿನಾಗ ಮಾಸ್ತರ್
ಸೀಟಿ ದಾರ ಬೆರಳಿಗೆ ಸುತ್ತಿದ್ರು, ಬಿಚ್ಚಿದ್ರು, ಸುತ್ತಿದ್ರು.
ಮುದ್ದೇಬಿಹಾಳ ಬರೂತನಕ ನಬಿಲಾಲ
ಹೊರಗಿನ ಜೋಳದ ಹೊಲ ನೋಡಿದ, ಕತ್ತಲಾಗಿದ್ರೂ.

ಮುಂದಿನ ವಾರ ಪರೀಕ್ಷಾ.
ಸೋಲಿಗೆ ಕಾರಣಗಳೇನು? ವಿವರಿಸಿರಿ. ಐದು ಅಂಕ.
ನಾ ಬರದೆ: ದೊರಿಗೆ ವಯಸ್ಸಾಗಿತ್ತು. ಗೆದ್ದು ಗೆದ್ದು ಸೊಕ್ಕು ಬಂದಿತ್ತು.
ನಾಲ್ಕು ಮಂದಿ ಒಂದಾದ್ರು. ಅವರ ತೋಫು ದೊಡ್ಡವು.
ಐದನೇದ್ದು, ನಂಬಿದ ಸರದಾರರು ಕೈ ಕೊಟ್ರು.
ಐದಕ್ಕ ಐದು.
ನಬಿಲಾಲ ನಾಲ್ಕು ಬರದು ಒಂದು ಸಾಲು ಖಾಲಿ ಬಿಟ್ಟಿದ್ದ.
ಅವನಕಿಂತ ಚಂದ ಇತಿಹಾಸ ಗೊತ್ತಿದ್ದವ್ರು ನಮ್ಮ ಕ್ಲಾಸಿನಾಗ ಇರಲಿಲ್ಲ.
ಮತ್ತ ಅವ ಅಂಕಣಕ್ಕ ಇಳೀಲಿಲ್ಲ.

ಮೊನ್ನೆ ನಾಲತವಾಡದಾಗ ಅವನ ಮಗಳ ನಿಖಾ.
ಕೊಲ್ಲಾಪುರದಾಗ ವೆಲ್ಡಿಂಗ್ ಮಾಡಿ ಮಾಡಿ ಕಣ್ಣ ಕೆಂಪಗಾಗ್ಯಾವ.
ಪಂಕ್ತಿಯೊಳಗ ನನ್ನ ತಾಟಿಗೆ ಅವನ ಬಡಿಸಿದ.
ಮೂವತ್ಮೂರು ವರ್ಷ ಬಾಯಾಗ ಇಟಗೊಂಡದ್ದು
ತುತ್ತಿನ ಸಂಗಾಟ ಹೊರಗ ಬಂತು:
'ಅವತ್ತ ಮೊದಲ ಬಿಟ್ಟದ್ದು ನನ್ನ ಕೈ, ನಬಿ.'

'ಗೊತ್ತದ,' ಅಂದ. 'ಬೆವತಿತ್ತು.'
ಇನ್ನೊಂದ ಸೌಟು ಹಾಕಿದ, ಬ್ಯಾಡ ಅಂದ್ರೂ.
ಮುಂದಿನವರ ತಾಟಿಗೆ ಬಾಗಬೇಕಾದವ ಬಾಗಲಿಲ್ಲ, ನಿಂತ.
ಸೌಟಿನಿಂದ ತುಪ್ಪ ಹನೀತಿತ್ತು.
'ಜಾರಿತೋ, ನೀನ ಬಿಟ್ಟ್ಯೋ,
ಅದೊಂದು ಇವತ್ತಿಗೂ ಗೊತ್ತಿಲ್ಲ ನನಗ.'

ಬೆವತದ್ದು ಖರೇ.
ಈರಬಸು ಎಳದ ಹೊಡತಕ್ಕ ಭುಜಾ ಕೀಲು ಕಳಚೂ ಹಂಗಾದದ್ದು ಖರೇ.
ಆ ಅರ್ಧ ಉಸಿರಿನಾಗ, ನಾ ಯಾಕ ಮುರಕೊಳ್ಳಲಿ ಅಂತ
ಒಂದು ಮಾತು ಬಂದು ಹೋದದ್ದೂ ಖರೇ.
ಯಾವುದು ಮೊದಲು?

ತಾಟಿನ ಅಂಚಿಗೆ ಅನ್ನ ಸರಸಿ ಸರಸಿ ಗೆರಿ ಮಾಡಿದೆ.
ಅವ ಕಾದ.
ನಾ ಖಾಲಿ ಬಿಟ್ಟೆ.